‘ಮನೆ ಉಂಟು, ನಮ್ದಲ್ಲ’: ಕರ್ನಾಟಕದ ನಿರಾಶ್ರಿತರಿಗೆ ನಾವು ಕೇಳದೇ ಬಿಟ್ಟ ಪ್ರಶ್ನೆಗಳು

ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವಾಗ ನಾನು ಮಾಡಿದ ಮೊದಲ ಸಮೀಕ್ಷೆಯ ಏಳನೇ ಪ್ರಶ್ನೆ ಹೀಗಿತ್ತು: ‘ವಾಸಕ್ಕೆ ಪಕ್ಕಾ ಮನೆ ಇದೆಯೇ? ಹೌದು / ಇಲ್ಲ.’

ಜಾಗ ಸುಳ್ಯದ ಕಡೆಯ ಒಂದು ರಬ್ಬರ್ ತೋಟದ ಕಾಲೊನಿ. ಜಡಿಮಳೆ. ಮಳೆಗೆ ಟ್ಯಾಪಿಂಗ್, ಅಂದರೆ ಮರ ಕೆತ್ತಿ ರಬ್ಬರ್ ಹಾಲು ತೆಗೆಯುವ ಕೆಲಸ, ನಿಂತಿತ್ತು, ಅದಕ್ಕೇ ಎಲ್ಲರೂ ಮನೆಯಲ್ಲಿ ಸಿಕ್ಕಿದ್ದರು. ಅರವತ್ತರ ಹತ್ತಿರದ ಒಬ್ಬರು ಅಮ್ಮ ಸ್ಟೀಲ್ ಲೋಟದಲ್ಲಿ ಚಾ ಕೊಟ್ಟು ಎದುರಿಗೆ ಕೂತರು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತುಳು, ನನ್ನ ಜೊತೆ ಸುಳ್ಯದ ಕನ್ನಡ. ಪ್ರಶ್ನೆ ಕೇಳಿದೆ. ಅವರು ಒಮ್ಮೆ ಗೋಡೆ ನೋಡಿದರು, ಒಮ್ಮೆ ಮಾಡು ನೋಡಿದರು. ‘ಮನೆ ಉಂಟು ಮಗಾ, ನಮ್ದಲ್ಲ’ ಅಂದರು.

ನನ್ನ ಹಾಳೆಯಲ್ಲಿ ಆ ಉತ್ತರಕ್ಕೆ ಜಾಗವೇ ಇರಲಿಲ್ಲ. ಸಿಮೆಂಟ್ ಗೋಡೆ, ಹೆಂಚಿನ ಮಾಡು ಕಣ್ಣೆದುರಿಗೇ ಇತ್ತಲ್ಲ, ‘ಹೌದು’ ಅಂತ ಗುರುತು ಹಾಕಿದೆ. ಪ್ರಬಂಧದ ಕೋಷ್ಟಕದಲ್ಲಿ ಪಕ್ಕಾ ಮನೆ ಇರುವವರ ಶೇಕಡಾವಾರು ಚೆನ್ನಾಗಿ ಬಂತು. ಗೈಡ್ ಕೂಡ ತಲೆಯಾಡಿಸಿದರು. ಆ ಮನೆ ಯಾರ ಕೆಲಸದ ಮೇಲೆ ನಿಂತಿದೆ, ಕೆಲಸ ಮುಗಿದ ದಿನ ಇವರು ಎಲ್ಲಿಗೆ ಹೋಗುತ್ತಾರೆ ಅನ್ನುವುದು ಎಲ್ಲೂ ಬರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ಸಮಾಜಕಾರ್ಯದ ತರಗತಿಗಳಲ್ಲಿ ಎರಡು ಪದ ದಿನಾ ಕಿವಿಗೆ ಬೀಳುತ್ತವೆ. ಒಂದು ಸಮತೆ, ಇನ್ನೊಂದು ಒಳಗೊಳ್ಳುವಿಕೆ. ನಮ್ಮ ಕಡೆಯ ಊಟದ ಪಂಕ್ತಿ ನೆನೆಸಿಕೊಂಡರೆ ಇವು ಸುಲಭವಾಗಿ ಅರ್ಥವಾಗುತ್ತವೆ. ಎಲ್ಲರ ಎಲೆಗೂ ಒಂದೊಂದು ಸೌಟು ಸಾರು ಬಡಿಸಿದರೆ ಅದು ಸಮಾನತೆ. ನಿನ್ನೆಯಿಂದ ಉಪವಾಸ ಇದ್ದವನನ್ನು ಗುರುತಿಸಿ ಇನ್ನೊಂದು ಸೌಟು ಹಾಕಿದರೆ ಅದು ಸಮತೆ. ಅವನನ್ನು ಪಂಕ್ತಿಯಲ್ಲಿ ಕೂರಿಸಿದರೋ, ಹಿತ್ತಲಲ್ಲಿ ಕೂರಿಸಿದರೋ ಅನ್ನುವುದು ಒಳಗೊಳ್ಳುವಿಕೆಯ ಪ್ರಶ್ನೆ. ಮೂರೂ ಬೇರೆ ಬೇರೆ. ಒಂದು ಇದ್ದರೆ ಇನ್ನೊಂದು ತಾನಾಗಿ ಬರುವುದಿಲ್ಲ.

ನಿರಾಶ್ರಿತರ ವಿಷಯದಲ್ಲಿ ಇದನ್ನು ಪರೀಕ್ಷಿಸಿ ನೋಡಲು ಯುರೋಪಿಗೆ ಹೋಗಬೇಕಾಗಿಲ್ಲ. ಬೈಲಕುಪ್ಪೆಯ ಟಿಬೆಟಿಯನ್ನರು, ಸುಳ್ಯ–ಪುತ್ತೂರಿನ ಸಿಲೋನ್ (ಇಂದಿನ ಶ್ರೀಲಂಕಾ) ತಮಿಳರು, ಸಿಂಧನೂರಿನ ಬಂಗಾಳಿಗಳು, ಮ್ಯಾನ್ಮಾರ್‌ನಿಂದ ಬಂದು ಬೆಂಗಳೂರಿನ ಅಂಚಿನಲ್ಲಿರುವ ರೋಹಿಂಗ್ಯಾಗಳು ಎಲ್ಲ ಒಂದೇ ರಾಜ್ಯದಲ್ಲಿದ್ದಾರೆ. ಇವರ ಬದುಕು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಪೌರತ್ವ ಸಿಕ್ಕವರಿಗೆ ನೆಲ ಸಿಗಲಿಲ್ಲ. ನೆಲ ಸಿಕ್ಕವರಿಗೆ ಪೌರತ್ವ ಸಿಗಲಿಲ್ಲ. ಎರಡೂ ಸಿಕ್ಕವರಿಗೆ ಜಾತಿ ಪ್ರಮಾಣಪತ್ರ ಸಿಗಲಿಲ್ಲ. ಬಂದಾಗ ಸರ್ಕಾರ ಅವರನ್ನು ಏನೆಂದು ಕರೆಯಿತು, ಕೈಗೆ ಯಾವ ಕಾಗದ ಕೊಟ್ಟಿತು ಅನ್ನುವುದು ಮೂರು ತಲೆಮಾರು ಕಳೆದರೂ ಅವರ ಬದುಕನ್ನು ಹಿಡಿದುಕೊಂಡಿದೆ. ಎಷ್ಟು ಕಷ್ಟಪಟ್ಟರು ಅನ್ನುವುದಕ್ಕಿಂತ ಇದೇ ಜಾಸ್ತಿ ನಿರ್ಣಾಯಕವಾಗಿದೆ.

ಪದದ ಬಗ್ಗೆ ಒಂದು ಮಾತು. ಕನ್ನಡದಲ್ಲಿ ‘ನಿರಾಶ್ರಿತ’ ಅನ್ನುವುದನ್ನು ನಾವು ಬಹಳ ಸಲೀಸಾಗಿ ಬಳಸುತ್ತೇವೆ. ಭಿಕ್ಷುಕರನ್ನು ಹಿಡಿದು ತಂದು ಇಡುವ ಸರ್ಕಾರಿ ಜಾಗಕ್ಕೂ ‘ನಿರಾಶ್ರಿತರ ಪರಿಹಾರ ಕೇಂದ್ರ’ ಅಂತಲೇ ಹೆಸರು. ಪ್ರಾಣಭಯದಿಂದ ದೇಶ ಬಿಟ್ಟು ಬಂದವರಿಗೂ ಅದೇ ಪದ. ಆಶ್ರಯ ಇಲ್ಲ ಅನ್ನುವುದನ್ನು ಮಾತ್ರ ಆ ಪದ ಹೇಳುತ್ತದೆ. ಯಾಕೆ ಇಲ್ಲ, ಯಾರು ಕಿತ್ತುಕೊಂಡರು ಅನ್ನುವುದನ್ನು ಹೇಳುವುದಿಲ್ಲ.

ಕಾನೂನಿನಲ್ಲಂತೂ ಆ ಪದಕ್ಕೆ ಜಾಗವೇ ಇಲ್ಲ. ನಿರಾಶ್ರಿತರ ಬಗೆಗಿನ 1951ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, 1967ರ ಅದರ ಪ್ರೋಟೋಕಾಲ್‌ಗೂ ಹಾಕಿಲ್ಲ. ನಮ್ಮದೇ ಆದ ನಿರಾಶ್ರಿತರ ಕಾಯ್ದೆಯೂ ಇಲ್ಲ. ಇದ್ದದ್ದು 1946ರ ವಿದೇಶಿಯರ ಕಾಯ್ದೆ. ಈಗ ಅದರ ಜಾಗಕ್ಕೆ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಇದರ ಕಣ್ಣಿಗೆ ವೀಸಾ ಮುಗಿದರೂ ಉಳಿದುಕೊಂಡ ಪ್ರವಾಸಿಯೂ ಒಂದೇ, ಮನೆ ಸುಟ್ಟುಹೋಗಿ ಮಕ್ಕಳನ್ನು ಎತ್ತಿಕೊಂಡು ಓಡಿ ಬಂದವಳೂ ಒಂದೇ. ಇಬ್ಬರೂ ವಿದೇಶಿಯರು. ಬೇಕೆನಿಸಿದ ಗುಂಪಿಗೆ ಸರ್ಕಾರ ಒಂದು ಆದೇಶ ಹೊರಡಿಸಿ ವಿನಾಯಿತಿ ಕೊಡುತ್ತದೆ. ನೋಂದಾಯಿತ ಟಿಬೆಟಿಯನ್ನರಿಗೂ, ನೋಂದಾಯಿತ ಶ್ರೀಲಂಕಾ ತಮಿಳರಿಗೂ (ಇವರು ಸುಳ್ಯದವರಲ್ಲ) ಹೀಗೆ ವಿನಾಯಿತಿ ಇದೆ. ಬೇಡ ಅನಿಸಿದವರಿಗೆ ಇಲ್ಲ.

ಇದಕ್ಕೆ ಒಂದು ತಡೆ ಇದೆ. ಸಂವಿಧಾನದ 14 ಮತ್ತು 21ನೇ ವಿಧಿಗಳು ‘ವ್ಯಕ್ತಿ’ ಅನ್ನುತ್ತವೆ, ‘ಪ್ರಜೆ’ ಅನ್ನುವುದಿಲ್ಲ. ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ಜನರನ್ನು ಹೊರಗಟ್ಟುವ ಬೆದರಿಕೆ ಬಂದಾಗ, 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿ ಅವರ ಜೀವ ಕಾಪಾಡುವುದು ರಾಜ್ಯದ ಹೊಣೆ ಅಂದಿತು. ಜೀವಕ್ಕೆ ರಕ್ಷಣೆ ಸಿಕ್ಕಿತು. ಬದುಕಿಗೆ ಬೇಕಾದ ಉಳಿದದ್ದೆಲ್ಲ ಆಯಾ ಆದೇಶಕ್ಕೆ ಬಿಟ್ಟ ವಿಷಯ.

ಬೈಲಕುಪ್ಪೆಯಿಂದ ಶುರು ಮಾಡೋಣ. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಕೊಡಗು ಮುಗಿದು ಮೈಸೂರು ಜಿಲ್ಲೆ ಶುರು. ಸ್ವಲ್ಪ ದೂರ ಹೋಗಿ ಒಳಗೆ ತಿರುಗಿದರೆ ಜೋಳದ ಹೊಲ, ಪ್ರಾರ್ಥನೆಯ ಬಾವುಟ, ಮೊಮೊ ಅಂಗಡಿ. ಆಟೊದವರನ್ನು ಕೇಳಿದರೆ ‘ಯಾವ ಕ್ಯಾಂಪು?’ ಅನ್ನುತ್ತಾರೆ. ಅಲ್ಲಿ ಊರಿಗೆ ಹೆಸರಿಗಿಂತ ಜಾಸ್ತಿ ನಂಬರ್ ನಡೆಯುತ್ತದೆ. ಪ್ರವಾಸಿಗಳು ಗೋಲ್ಡನ್ ಟೆಂಪಲ್ ಎದುರು ಫೋಟೊ ತೆಗೆಸಿಕೊಂಡು ವಾಪಸ್ ಹೋಗುತ್ತಾರೆ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ, ಹಿಂದೆಯೇ ಬಂದ ಸಾವಿರಾರು ಜನರಿಗೆ ನೆಲ ಬೇಕಾಗಿತ್ತು. ನೆಹರು ರಾಜ್ಯಗಳನ್ನು ಕೇಳಿದರು. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಕೊಟ್ಟಿತು. ಮೊದಲು ಬಂದವರು ಆ ಕಾಡನ್ನು ಕಡಿದು ಹೊಲ ಮಾಡಿದರು. ತಣ್ಣನೆ ಎತ್ತರದ ದೇಶದ ಜನ, ಇಲ್ಲಿನ ಸೆಕೆ, ಕ್ಷಯ, ಆನೆ. ಆರಂಭದ ವರ್ಷಗಳಲ್ಲಿ ಬಹಳ ಜನ ಸತ್ತರು. 1966ರಲ್ಲಿ ಮುಂಡಗೋಡು, 1969ರಲ್ಲಿ ಬೈಲಕುಪ್ಪೆಯ ಎರಡನೇ ವಸತಿ, ಆಮೇಲೆ ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ. ಹೀಗೆ ರಾಜ್ಯದಲ್ಲಿ ಒಟ್ಟು ಐದು ವಸತಿಗಳಾದವು. ಕೇಂದ್ರ ಗೃಹ ಇಲಾಖೆಯ 2019ರ ಸುಮಾರಿನ ಲೆಕ್ಕದ ಪ್ರಕಾರ ದೇಶದಲ್ಲಿದ್ದ ಸುಮಾರು 73 ಸಾವಿರ ಟಿಬೆಟಿಯನ್ನರಲ್ಲಿ 21 ಸಾವಿರ ಜನ ಕರ್ನಾಟಕದಲ್ಲೇ ಇದ್ದರು. ಬೇರೆ ಯಾವ ರಾಜ್ಯದಲ್ಲೂ ಇಷ್ಟು ಜನ ಇರಲಿಲ್ಲ.

ಇಲ್ಲಿ ಸರ್ಕಾರ ಮಾಡಿದ ಒಂದು ತೀರ್ಮಾನ ದೊಡ್ಡದು. ಜನರನ್ನು ಚದುರಿಸಲಿಲ್ಲ. ಒಂದೇ ಕಡೆ, ತಲೆಗೊಂದು ಎಕರೆಯ ಲೆಕ್ಕದಲ್ಲಿ ಗುಂಪಾಗಿ ನೆಲ ಕೊಟ್ಟಿತು. ಆಸ್ಪತ್ರೆ, ಸಹಕಾರ ಸಂಘ, ಮಠ ಎಲ್ಲವನ್ನೂ ಅವರ ಕೈಯಲ್ಲೇ ನಡೆಸಲು ಬಿಟ್ಟಿತು. ಹೊರಗಿನಿಂದ ನೆರವು ಧಾರಾಳವಾಗಿ ಹರಿದು ಬಂತು. ಅದರ ಫಲ ಕಣ್ಣಿಗೆ ಕಾಣುತ್ತದೆ. ಭಾಷೆ ಉಳಿಯಿತು, ಸೆರಾ ಮಠ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳು ಮುಂಡಗೋಡಿನಲ್ಲಿ ಮತ್ತೆ ಎದ್ದವು. ನಿರಾಶ್ರಿತರ ಪುನರ್ವಸತಿ ಹೇಗಿರಬೇಕು ಅಂತ ಯಾರಾದರೂ ಕೇಳಿದರೆ ಜನ ಇವತ್ತಿಗೂ ಬೈಲಕುಪ್ಪೆ ಕಡೆ ಬೆರಳು ತೋರಿಸುತ್ತಾರೆ.

ಆದರೆ ಆ ಎಕರೆಯ ಪಹಣಿಯಲ್ಲಿ ಅವರ ಹೆಸರಿಲ್ಲ. ನೆಲ ಗುತ್ತಿಗೆಯದು. ಜನ ಹೆಚ್ಚಾದರು, ನೆಲ ಹೆಚ್ಚಾಗಲಿಲ್ಲ. ಮೊದಲು ಬಂದವರಿಗೆ ತಲೆಗೊಂದು ಎಕರೆ ಸಿಕ್ಕಿತು, ಮೊಮ್ಮಕ್ಕಳ ಪಾಲಿಗೆ ಏನೂ ಇಲ್ಲ. ಅದಕ್ಕೇ ಚಳಿಗಾಲದಲ್ಲಿ ಸ್ವೆಟರ್ ವ್ಯಾಪಾರಕ್ಕೆ ಊರೂರು ಸುತ್ತುವುದು. ಅದಕ್ಕೇ ಓದಿದ ಹುಡುಗರು ಕೆನಡಾ, ಅಮೆರಿಕ ಅಂತ ಹೊರಡುವುದು. ನಮ್ಮ ರೈತರಿಗೆ ಆರ್‌ಟಿಸಿ ಹೇಗೋ ಅವರಿಗೆ ಆರ್‌ಸಿ ಹಾಗೆ. ಆರ್‌ಸಿ ಅಂದರೆ ವಿದೇಶಿಯರ ನೋಂದಣಿ ಪತ್ರ. ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಇಲ್ಲೇ ಹುಟ್ಟಿ, ಕನ್ನಡದಲ್ಲಿ ಚೌಕಾಸಿ ಮಾಡುವ ನಲವತ್ತು ವರ್ಷದ ಮನುಷ್ಯ ಕೂಡ ಆ ಕಾಗದ ಹಿಡಿದುಕೊಂಡು ‘ನಾನು ವಿದೇಶಿ’ ಅಂತ ಹೇಳಿಕೊಂಡೇ ಇರಬೇಕು.

ಕಾನೂನಿನ ಪ್ರಕಾರ ಇವರಲ್ಲಿ ಬಹಳ ಜನ ವಿದೇಶಿಯರೇ ಅಲ್ಲ. ಪೌರತ್ವ ಕಾಯ್ದೆ ಹೇಳುವಂತೆ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಇದು ಟಿಬೆಟಿಯನ್ನರಿಗೂ ಅನ್ವಯಿಸುತ್ತದೆ ಅಂತ 2010ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು, 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ಹಾಗಾದರೆ ಪಾಸ್‌ಪೋರ್ಟ್ ತಗೊಳ್ಳಬಹುದಲ್ವಾ? ತಗೊಳ್ಳಬಹುದು, ಆದರೆ 2017ರಲ್ಲಿ ಅದಕ್ಕೆ ಷರತ್ತು ಬಂತು. ಆರ್‌ಸಿ ಒಪ್ಪಿಸಬೇಕು, ಟಿಬೆಟಿಯನ್ ವಸತಿಯಲ್ಲಿ ಇರಬಾರದು, ಅಲ್ಲಿನ ಸವಲತ್ತು ಬಿಡಬೇಕು. ಪೌರತ್ವ ಬೇಕಾದರೆ ಮನೆ ಬಿಡು ಅಂದಂತೆ. ಅದರ ಮೇಲೆ ಮನೆಯೊಳಗೇ ಜಗಳ. ಪೌರತ್ವ ತಗೊಂಡರೆ ಟಿಬೆಟ್‌ಗೆ ಮರಳುವ ಹೋರಾಟ ಕೈಬಿಟ್ಟ ಹಾಗೆ ಅಂತ ಹಿರಿಯರು. ಸಾಲ ಸಿಗಲ್ಲ, ಸರ್ಕಾರಿ ಕೆಲಸ ಸಿಗಲ್ಲ, ಹೋರಾಟ ಹೊಟ್ಟೆ ತುಂಬಿಸುತ್ತಾ ಅಂತ ಕಿರಿಯರು. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದ ಹಿಂದೂಗಳಿಗೂ ಬೌದ್ಧರಿಗೂ ಪೌರತ್ವದ ದಾರಿ ಮಾಡಿಕೊಟ್ಟಿತು. ಬೈಲಕುಪ್ಪೆಯ ಬೌದ್ಧರು ಬಂದದ್ದು ಆ ಮೂರೂ ದೇಶಗಳಿಂದ ಅಲ್ಲ.

ಬೈಲಕುಪ್ಪೆಯ ಕಥೆಯಲ್ಲಿ ಇನ್ನೊಂದು ಎಳೆ ಇದೆ. ನಮ್ಮ ಸಮಾಜಕಾರ್ಯದ ವಿದ್ಯಾರ್ಥಿಗಳಲ್ಲಿ ಅದು ಗೊತ್ತಿರುವವರು ಕಡಿಮೆ. ಟಿಬೆಟಿಯನ್ನರ ಪುನರ್ವಸತಿಗೆ ಕೈಜೋಡಿಸಲು 1968ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಹೆಸರು ಮೈಸೂರು ರೀಸೆಟಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ. ಚಿಕ್ಕದಾಗಿ ಮೈರಾಡ. ಟಿಬೆಟಿಯನ್ನರ ಕೆಲಸ ಮುಗಿಯುತ್ತಾ ಬಂದ ಹಾಗೆ ಅದು ಸುತ್ತಲಿನ ಹಳ್ಳಿಗಳ ಬಡವರ ಕಡೆ ತಿರುಗಿತು. 1980ರ ದಶಕದ ಮಧ್ಯದಲ್ಲಿ ಅದು ಬೆಂಬಲಿಸುತ್ತಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು ಜಗಳವಾಗಿ ಒಡೆದವು. ಆಗ ಹಳ್ಳಿಯ ಸಣ್ಣ ಸಣ್ಣ ಗುಂಪುಗಳು ಬಂದು, ಸಂಘಕ್ಕೆ ಕಟ್ಟುವುದಿಲ್ಲ, ಸಾಲ ನಿಮಗೇ ತೀರಿಸುತ್ತೇವೆ ಅಂದವು. ಆ ದುಡ್ಡು ನಿಮ್ಮೊಳಗೇ ಇಟ್ಟುಕೊಂಡು ತಿರುಗಿಸಿ ಅಂತ ಸಂಸ್ಥೆ ಹೇಳಿತು. ಆ ಗುಂಪುಗಳೇ ಮುಂದೆ ಸ್ವಸಹಾಯ ಸಂಘಗಳಾದವು. 1987ರಲ್ಲಿ ನಬಾರ್ಡ್ (ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕ್) ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮವನ್ನು ದೇಶದಲ್ಲಿ ಶುರು ಮಾಡಿತು. ಇವತ್ತು ಕರ್ನಾಟಕದ ಹಳ್ಳಿಯಲ್ಲಿ ವಾರಕ್ಕೊಮ್ಮೆ ಜಮಖಾನೆ ಹಾಸಿ ಕೂತು ಉಳಿತಾಯದ ಪುಸ್ತಕ ಬರೆಯುವ ಹೆಂಗಸರ ಸಂಘದ ಬೇರು ಹುಡುಕುತ್ತಾ ಹೋದರೆ, ಒಂದು ಎಳೆ ನಿರಾಶ್ರಿತರಿಗಾಗಿ ಹುಟ್ಟಿದ ಈ ಸಂಸ್ಥೆಗೆ ತಾಗುತ್ತದೆ.

ನಿರಾಶ್ರಿತರಿಗೆ ಖರ್ಚು ಮಾಡಿದ್ದು ನಮ್ಮವರಿಗೆ ನಷ್ಟ ಅನ್ನುವ ಮಾತು ಬಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಹಾಗಂತ ಆ ಮಾತಿನ ಹಿಂದಿನ ಸಿಟ್ಟು ಸುಳ್ಳಲ್ಲ. ಪಿರಿಯಾಪಟ್ಟಣದ ಕಡೆಯ ಭೂಮಿ ಇಲ್ಲದ ಕೂಲಿಯವನು ದಿನಾ ಕ್ಯಾಂಪಿನ ಹೊಲಕ್ಕೆ ಕೆಲಸಕ್ಕೆ ಹೋಗಿ, ಅಲ್ಲಿನ ಆಸ್ಪತ್ರೆ, ಶಾಲೆ ನೋಡಿ, ‘ನಮಗ್ಯಾಕಿಲ್ಲ?’ ಅಂದರೆ ಅದು ದ್ವೇಷ ಅಲ್ಲ, ಸರಿಯಾದ ಪ್ರಶ್ನೆ. ಸಂಶೋಧಕರು ಆ ಪ್ರಶ್ನೆಯನ್ನು ‘ಸ್ಥಳೀಯರ ವಿರೋಧ’ ಅಂತ ಒಂದು ಉಪಶೀರ್ಷಿಕೆ ಕೊಟ್ಟು ಮುಗಿಸಿಬಿಡುತ್ತಾರೆ.

ಈಗ ಸುಳ್ಯಕ್ಕೆ ವಾಪಸ್ ಬರೋಣ. ಆ ಅಮ್ಮನ ಹಿರಿಯರು ತಮಿಳುನಾಡಿನ ಹಳ್ಳಿಗಳಿಂದ ಬ್ರಿಟಿಷರ ಕಾಲದಲ್ಲಿ ಸಿಲೋನಿನ ಬೆಟ್ಟಗಳಿಗೆ ಹೋದವರು. ಮೊದಲು ಕಾಫಿ, ಆಮೇಲೆ ಟೀ ತೋಟ. ಸಿಲೋನಿಗೆ ಸ್ವಾತಂತ್ರ್ಯ ಬಂದ ವರ್ಷವೇ, 1948ರಲ್ಲೇ, ಅಲ್ಲಿನ ಪೌರತ್ವ ಕಾಯ್ದೆ ಈ ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್‌ನಲ್ಲಿ ಸಿರಿಮಾವೊ ಬಂಡಾರನಾಯಕೆ ಮತ್ತು ಲಾಲ್ ಬಹಾದ್ದೂರ್ ಶಾಸ್ತ್ರಿ ಒಪ್ಪಂದ ಮಾಡಿಕೊಂಡರು. 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ. ಉಳಿದ ಒಂದೂವರೆ ಲಕ್ಷ ಜನರನ್ನು 1974ರಲ್ಲಿ ಸರಿಪಾಲು ಮಾಡಿದರು, 75 ಸಾವಿರ ನಿಮಗೆ, 75 ಸಾವಿರ ನಮಗೆ. ಸಂತೆಯಲ್ಲಿ ಮೂಟೆ ಎಣಿಸಿದ ಹಾಗೆ. ಎಣಿಸಿಕೊಂಡವರನ್ನು ಯಾರೂ ಕೇಳಲಿಲ್ಲ.

ತಲೈಮನ್ನಾರ್‌ನಿಂದ ಹಡಗು ಹತ್ತಿ ರಾಮೇಶ್ವರ, ಅಲ್ಲಿಂದ ಮಂಡಪಂ ಕ್ಯಾಂಪ್, ಅಲ್ಲಿಂದ ಎಲ್ಲಿಗೆ ಹಂಚಿದರೋ ಅಲ್ಲಿಗೆ. ಕೆಲವರು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರಿಗೆ ಬಂದರು. 1971ರಲ್ಲಿ ಶುರುವಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಇವರಿಗೆ ಕೆಲಸ. ಸರ್ಕಾರದ ಪುಸ್ತಕದಲ್ಲಿ ಇವರು ನಿರಾಶ್ರಿತರಲ್ಲ, ‘ತಾಯ್ನಾಡಿಗೆ ಮರಳಿದವರು’. ತಲೆಮಾರುಗಳ ಹಿಂದೆ ಮುತ್ತಜ್ಜ ಬಿಟ್ಟುಹೋದ ನಾಡು, ಅದೂ ತಮಿಳು ಮಾತಾಡುವ ನಾಡಲ್ಲ, ತುಳುನಾಡು. ಆದರೂ ತಾಯ್ನಾಡು. ಪೌರತ್ವ ಸಿಕ್ಕಿತು, ಓಟು ಸಿಕ್ಕಿತು, ಸಂಬಳದ ಕೆಲಸ ಸಿಕ್ಕಿತು. ಬೈಲಕುಪ್ಪೆಯವರಿಗೆ ಸಿಗದ್ದೆಲ್ಲ ಸಿಕ್ಕಿತು ಅನ್ನಬಹುದು.

ನೆಲ ಮಾತ್ರ ಸಿಗಲಿಲ್ಲ. ತೋಟ ಇರುವುದು ಅರಣ್ಯದ ಜಾಗದಲ್ಲಿ. ಅಲ್ಲಿ ಮನೆ ಕಟ್ಟಿದರೂ ಹಕ್ಕುಪತ್ರ ಕೊಡುವುದು ಕಷ್ಟ. ಮನೆ ಕೆಲಸದ ಜೊತೆ ಬಂದದ್ದು, ಕೆಲಸದ ಜೊತೆ ಹೋಗುವಂಥದ್ದು. ಬೆಳಗಿನ ಜಾವ ತಲೆಗೆ ದೀಪ ಕಟ್ಟಿಕೊಂಡು ಹೊರಟು, ಮರದ ತೊಗಟೆಯನ್ನು ಓರೆಯಾಗಿ ಕೆತ್ತಿ, ಚಿಪ್ಪು ಸಿಕ್ಕಿಸಿ, ಬಿಸಿಲೇರುವ ಮೊದಲು ಹಾಲು ಸೇರಿಸಿ ತರುವ ಕೆಲಸ. ಕತ್ತಿ ಸ್ವಲ್ಪ ಆಳ ಹೋದರೆ ಮರ ಹಾಳು, ಮೇಲೇ ಉಳಿದರೆ ಹಾಲು ಕಡಿಮೆ. ಮೂವತ್ತು ವರ್ಷ ಮಾಡಿದವರ ಬೆನ್ನು, ಮೊಣಕಾಲು ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಇಷ್ಟು ನಾಜೂಕಿನ ಕಸುಬು ಬಲ್ಲವರನ್ನು ಕಾಗದದಲ್ಲಿ ‘ಕೂಲಿ ಕಾರ್ಮಿಕರು’ ಅಂತ ಬರೆಯುತ್ತೇವೆ. ನನ್ನ ಪ್ರಶ್ನಾವಳಿಯಲ್ಲೂ ಹಾಗೇ ಇತ್ತು.

ಇನ್ನು ಜಾತಿ. ಸಿಲೋನಿನಿಂದ ಬಂದವರಲ್ಲಿ ಬಹಳ ಜನ ದಲಿತರು. ಆದಿ ದ್ರಾವಿಡ ಅನ್ನುವ ಹೆಸರು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲೂ ಇದೆ. ಆದರೂ ಪ್ರಮಾಣಪತ್ರಕ್ಕಾಗಿ ಇವರು ವರ್ಷಗಟ್ಟಲೆ ಅಲೆದಿದ್ದಾರೆ. ಪರಿಶಿಷ್ಟ ಜಾತಿಗಳ ಆದೇಶ ಹೊರಟದ್ದು 1950ರಲ್ಲಿ. ಆ ಹೊತ್ತಿಗೆ ನಿಮ್ಮ ಕುಟುಂಬದ ಕಾಯಂ ಊರು ಯಾವುದು ಅನ್ನುವುದೇ ಅಲ್ಲಿ ಮುಖ್ಯ ಪ್ರಶ್ನೆ. ಇವರ ಕುಟುಂಬ ಆಗ ಸಿಲೋನಿನ ಟೀ ತೋಟದಲ್ಲಿತ್ತು. ಇನ್ನೊಂದು ರಾಜ್ಯದಿಂದ ಬಂದವರಿಗೆ ಅಲ್ಲಿನ ಮೀಸಲಾತಿ ಜೊತೆಗೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಇನ್ನೊಂದು ದೇಶದಿಂದ, ಎರಡು ಸರ್ಕಾರಗಳ ಸಹಿಯ ಮೇಲೆ ಬಂದವರ ಕಥೆ ಏನು? ತೋಟ ಬಿಟ್ಟು ಹೊರಬರಲು ಮೂರನೇ ತಲೆಮಾರಿನ ಮಕ್ಕಳಿಗೆ ಇರುವ ದೊಡ್ಡ ದಾರಿ ಓದು, ಹಾಸ್ಟೆಲ್, ಸ್ಕಾಲರ್‌ಶಿಪ್, ಮೀಸಲು ಸೀಟು. ಆ ದಾರಿಯ ಬಾಗಿಲಲ್ಲೇ ಈ ಕಾಗದ ಕೇಳುತ್ತಾರೆ.

ಸಿಂಧನೂರಿನಲ್ಲೂ ಕೊನೆಗೆ ಇದೇ ಕಾಗದ. ಪೂರ್ವ ಪಾಕಿಸ್ತಾನದಿಂದ (ಇಂದಿನ ಬಾಂಗ್ಲಾದೇಶ) ಬಂದ 700ಕ್ಕೂ ಹೆಚ್ಚು ಬಂಗಾಳಿ ಕುಟುಂಬಗಳಿಗೆ 1970ರ ದಶಕದ ಆರಂಭದಲ್ಲಿ ಅಲ್ಲಿ ಹೊಲ ಕೊಟ್ಟು ನೆಲೆ ಮಾಡಿಸಿದರು. ಆರ್‌ಎಚ್ (ರಿಹ್ಯಾಬಿಲಿಟೇಶನ್, ಅಂದರೆ ಪುನರ್ವಸತಿ) ಕ್ಯಾಂಪ್ ಒಂದು, ಎರಡು, ಮೂರು ಅಂತ ಊರುಗಳಾದವು. ತುಂಗಭದ್ರಾ ಕಾಲುವೆಯ ಕಡೆಗೆ ಹೋದವರಿಗೆ ಗೊತ್ತು, ಅಲ್ಲಿ ‘ಕ್ಯಾಂಪ್’ ಅಂದರೆ ಸಾಮಾನ್ಯ ಪದ. ಆಂಧ್ರದಿಂದ ದುಡ್ಡು ತಂದು ನೆಲ ಕೊಂಡವರ ಊರೂ ಕ್ಯಾಂಪೇ, ಬರಿಗೈಯಲ್ಲಿ ಬಂದವರ ಊರೂ ಕ್ಯಾಂಪೇ. ಬಂಗಾಳಿಗಳಲ್ಲಿ ಹೆಚ್ಚಿನವರು ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಅದು ಪರಿಶಿಷ್ಟ ಜಾತಿ, ಕರ್ನಾಟಕದ ಪಟ್ಟಿಯಲ್ಲಿ ಇಲ್ಲ. ಮೊದಲು ಬಂದವರಿಗೆ ನೆಲವೂ ಪೌರತ್ವವೂ ಸಿಕ್ಕವು. ತಡವಾಗಿ ಬಂದ ನೆಂಟರಿಷ್ಟರಿಗೆ ಎರಡೂ ಇರಲಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್‌ನಲ್ಲಿ ಬಂದವು. ಅದೇ ವರ್ಷ ಸಿಂಧನೂರಿನ ಕ್ಯಾಂಪುಗಳ ಐವರಿಗೆ ಅದರಡಿ ಪೌರತ್ವ ಸಿಕ್ಕಿತು.

ರೋಹಿಂಗ್ಯಾಗಳ ಕೈಯಲ್ಲಿ ಇರುವುದು ವಿಶ್ವಸಂಸ್ಥೆಯ ನಿರಾಶ್ರಿತರ ಏಜೆನ್ಸಿ ಕೊಟ್ಟ ಕಾರ್ಡ್ ಮಾತ್ರ. 1982ರ ಮ್ಯಾನ್ಮಾರ್ ಕಾಯ್ದೆ ಅವರ ಪೌರತ್ವ ತೆಗೆಯಿತು. ಇಲ್ಲಿ ಆ ಕಾರ್ಡಿಗೆ ಕಾನೂನಿನ ಬಲ ಇಲ್ಲ. ಬೆಂಗಳೂರಿನ ಉತ್ತರದ ಅಂಚಿನಲ್ಲಿ ಖಾಲಿ ಜಾಗಕ್ಕೆ ಬಾಡಿಗೆ ಕಟ್ಟಿ, ಟಾರ್ಪಾಲಿನ ಗುಡಿಸಲು ಹಾಕಿಕೊಂಡು, ನಮ್ಮ ಮನೆಗಳ ಒಣ ಕಸ ವಿಂಗಡಿಸಿ ಬದುಕುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಾಲೆ ಅನ್ನುತ್ತದೆ, ವಯಸ್ಸಿನ ದಾಖಲೆ ಇಲ್ಲ ಅಂತ ಸೇರಿಸಿಕೊಳ್ಳದೇ ಇರುವ ಹಾಗಿಲ್ಲ ಅನ್ನುತ್ತದೆ. ಆದರೂ ದೆಹಲಿಯ ರೋಹಿಂಗ್ಯಾ ಮಕ್ಕಳ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು. 2025ರ ಫೆಬ್ರವರಿಯಲ್ಲಿ ಕೋರ್ಟ್, ಮಕ್ಕಳು ಮೊದಲು ಶಾಲೆಗೆ ಹೋಗಿ ಕೇಳಲಿ, ಕೊಡದಿದ್ದರೆ ಹೈಕೋರ್ಟಿಗೆ ಬರಲಿ ಅಂದಿತು. ಒಂದನೇ ತರಗತಿಗೆ ಸೇರಲು ಹೈಕೋರ್ಟಿನ ದಾರಿ.

ಇಷ್ಟು ವ್ಯತ್ಯಾಸವನ್ನು ಅಳೆಯುವುದು ಹೇಗೆ? ನಿರಾಶ್ರಿತರು ಹೊಸ ಊರಿಗೆ ಬೆರೆಯುವುದರ ಬಗ್ಗೆ ಸಂಶೋಧಕರು ಹೆಚ್ಚಾಗಿ ಹಿಡಿದುಕೊಳ್ಳುವ ಚೌಕಟ್ಟು ಅಲಸ್ಟೇರ್ ಏಗರ್ ಮತ್ತು ಆಲಿಸನ್ ಸ್ಟ್ರ್ಯಾಂಗ್ 2008ರಲ್ಲಿ ಕೊಟ್ಟದ್ದು. ಅದರಲ್ಲಿ ಹತ್ತು ಅಂಶಗಳಿವೆ. ನನಗೆ ಉಪಯೋಗಕ್ಕೆ ಬಂದದ್ದು ಅವರು ಸಂಬಂಧಗಳನ್ನು ಮೂರಾಗಿ ಒಡೆದದ್ದು. ತಮ್ಮವರ ಜೊತೆಗಿನ ಬಂಧ, ಬೇರೆ ಸಮುದಾಯದ ಜೊತೆಗಿನ ಸೇತುವೆ, ಸರ್ಕಾರ ಮತ್ತು ಸಂಸ್ಥೆಗಳ ಜೊತೆಗಿನ ಕೊಂಡಿ. ಬೈಲಕುಪ್ಪೆಯಲ್ಲಿ ಬಂಧ ಬಿಗಿಯಾಗಿದೆ, ಸೇತುವೆ ಸಪೂರ. ಸುಳ್ಯದಲ್ಲಿ ಸೇತುವೆ ಚೆನ್ನಾಗಿದೆ. ಮಕ್ಕಳು ತುಳುವಿನಲ್ಲೇ ಜಗಳ ಆಡುತ್ತಾರೆ, ಇನ್ನೇನು ಬೇಕು? ಆದರೆ ಕೊಂಡಿ ತುಕ್ಕು ಹಿಡಿದಿದೆ.

ಆ ಚೌಕಟ್ಟಿನಲ್ಲಿ ಹಕ್ಕು ಮತ್ತು ಪೌರತ್ವ ಎಲ್ಲದಕ್ಕೂ ತಳಪಾಯ. ಇಲ್ಲಿ ನನ್ನದೊಂದು ತಕರಾರಿದೆ. ಬ್ರಿಟನ್ನಿನಂಥ ದೇಶದಲ್ಲಿ ತಳಪಾಯ ಹಾಕಿದ ಮೇಲೆ ಗೋಡೆ ಏಳುವುದನ್ನು ನೋಡಿ ಬರೆದ ಚೌಕಟ್ಟು ಅದು. ನಮ್ಮಲ್ಲಿ ಪೌರತ್ವ ಸಿಕ್ಕ ಮೇಲೂ ರೇಷನ್ ಕಾರ್ಡು ಬೇರೆ, ಹಕ್ಕುಪತ್ರ ಬೇರೆ, ಜಾತಿ ಪ್ರಮಾಣಪತ್ರ ಬೇರೆ, ಒಂದೊಂದಕ್ಕೂ ಒಂದೊಂದು ಕಚೇರಿ. ತಳಪಾಯ ಹಾಕಿ ಐವತ್ತು ವರ್ಷವಾದರೂ ಗೋಡೆ ಏಳದ ಮನೆ ಸುಳ್ಯದ್ದು. ತಳಪಾಯವೇ ಇಲ್ಲದೆ ಗೋಡೆ ಎದ್ದ ಮನೆ ಬೈಲಕುಪ್ಪೆಯದು. ಭಾರತದ ಮಟ್ಟಿಗೆ ಜಾತಿ ಮತ್ತು ನೆಲ ಇಲ್ಲದ ಚೌಕಟ್ಟು ಅರ್ಧ ಚೌಕಟ್ಟು.

ಅಧ್ಯಯನ ಮಾಡುವುದರಲ್ಲೂ ಪಂಕ್ತಿಭೇದ ಇದೆ. ಬೈಲಕುಪ್ಪೆಯ ಬಗ್ಗೆ 1960ರ ದಶಕದಿಂದಲೇ ಹೊರದೇಶದ ವಿದ್ವಾಂಸರು ಬಂದು ಬರೆದಿದ್ದಾರೆ. ನಮ್ಮ ವಿದ್ಯಾರ್ಥಿಗಳೂ ಅಲ್ಲಿಗೇ ಹೋಗುತ್ತಾರೆ. ಬಸ್ಸಿದೆ, ಊಟ ಚೆನ್ನಾಗಿದೆ, ಇಂಗ್ಲಿಷ್ ಬರುವವರು ಸಿಗುತ್ತಾರೆ. ಆರ್‌ಎಚ್ ಕ್ಯಾಂಪಿಗೆ ಬೇಸಿಗೆಯಲ್ಲಿ ಹೋಗಿ ಬಂಗಾಳಿ ಗೊತ್ತಿಲ್ಲದೆ ಒದ್ದಾಡಲು ಯಾರಿಗೂ ಇಷ್ಟವಿಲ್ಲ. ಹೀಗಾಗಿ ಕೆಲವು ಮನೆಗಳಿಗೆ ಪ್ರಶ್ನಾವಳಿ ನೋಡಿ ನೋಡಿ ಸಾಕಾಗಿದೆ. ಇನ್ನು ಕೆಲವು ಮನೆಗಳ ಬಾಗಿಲು ಯಾರೂ ತಟ್ಟಿಲ್ಲ.

ಈಗ ಹೋದರೆ ನಾನು ಬೇರೆ ತರಹ ಕೇಳುತ್ತೇನೆ. ಮೊದಲು ಕಾಗದ. ಬಹಳ ಮನೆಗಳಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ, ಟ್ರಂಕಿನ ತಳದಲ್ಲೋ ದೇವರ ಫೋಟೊ ಹಿಂದೆಯೋ. ಹಳೆಯ ಪಾಸ್‌ಪೋರ್ಟ್, ಕ್ಯಾಂಪಿನ ಕಾರ್ಡು, ತಿರಸ್ಕಾರವಾದ ಅರ್ಜಿಯ ಜೆರಾಕ್ಸ್ ಎಲ್ಲ ಅದರಲ್ಲಿ. ಆ ಕವರ್ ಬಿಚ್ಚಿ ಒಂದೊಂದಾಗಿ ಓದಿದರೆ ಸರ್ಕಾರ ಆ ಮನೆಯ ಜೊತೆ ಹೇಗೆ ನಡೆದುಕೊಂಡಿದೆ ಅನ್ನುವುದು ಗೊತ್ತಾಗುತ್ತದೆ. ಮನೆ ಯಾರ ಹೆಸರಲ್ಲಿದೆ? ಯಾವ ಕಾಗದ ಯಾವ ವರ್ಷ ಸಿಕ್ಕಿತು? ಯಾವುದು ಸಿಗಲಿಲ್ಲ, ಏನು ಹೇಳಿ ವಾಪಸ್ ಕಳಿಸಿದರು? ‘ನಿಮ್ಮ ಸಂತೃಪ್ತಿಯ ಮಟ್ಟ ಎಷ್ಟು’ ಅಂತ ಒಂದರಿಂದ ಐದರವರೆಗೆ ಕೇಳುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಎಲ್ಲ ಕಡೆ ಇದು ನಡೆಯುವುದಿಲ್ಲ ಅನ್ನುವುದೂ ನಿಜ. ರೋಹಿಂಗ್ಯಾ ಗುಡಿಸಲಿಗೆ ಪೆನ್ನು ಹಿಡಿದು ಹೋಗಿ ಕಾಗದ ತೋರಿಸಿ ಅಂದರೆ ಅವರ ಕಣ್ಣಿಗೆ ನಾವೂ ಪೊಲೀಸರೂ ಒಂದೇ. ಅಲ್ಲಿ ಹೆಸರು ಬರೆದುಕೊಳ್ಳುವುದೇ ತಪ್ಪು. ನಾವು ಮಾಡಿದ ಪಟ್ಟಿ ನಾಳೆ ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲ. ಕೆಲವು ಕಡೆ ಸಂಶೋಧನೆ ಮಾಡದೇ ಸುಮ್ನೆ ಒಂದು ಮಗುವನ್ನು ಶಾಲೆಗೆ ಸೇರಿಸಲು ಜೊತೆಗೆ ಹೋಗಿ ಬರುವುದೇ ಸಮಾಜಕಾರ್ಯ.

ಸದ್ಯಕ್ಕೆ ಕಣ್ಣಿಡಬೇಕಾದ ವಿಷಯ ಎರಡು. 2014ರ ಟಿಬೆಟಿಯನ್ ಪುನರ್ವಸತಿ ನೀತಿ ವಸತಿಗಳ ನೆಲವನ್ನು 20 ವರ್ಷಕ್ಕೆ ಗುತ್ತಿಗೆ ಬರೆದುಕೊಡಿ ಅಂತ ರಾಜ್ಯಗಳಿಗೆ ಹೇಳಿತ್ತು. ಆ ಲೆಕ್ಕದಲ್ಲಿ ಆಗ ಬರೆದುಕೊಟ್ಟವು 2030ರ ದಶಕದಲ್ಲಿ ಮುಗಿಯುತ್ತವೆ. ಅಷ್ಟರಲ್ಲಿ ವಸತಿಗಳಲ್ಲಿ ಎಷ್ಟು ಯುವಕರು ಉಳಿದಿರುತ್ತಾರೋ ನೋಡಬೇಕು. ಇನ್ನೊಂದು ಸುಳ್ಯದ್ದು. ಸಿಲೋನಿನಲ್ಲಿ ಹುಟ್ಟಿ ಹಡಗಿನಲ್ಲಿ ಬಂದವರಿಗೆಲ್ಲ ಕೆಲಸದ ವಯಸ್ಸು ಮುಗಿಯುತ್ತಿದೆ.

ನನಗೆ ಚಾ ಕೊಟ್ಟ ಅಮ್ಮನೂ ಈಗ ನಿವೃತ್ತರು. ಅವರು ಇರುವುದು ಅದೇ ಮನೆಯಲ್ಲಿ. ಮಗ ಅದೇ ತೋಟದಲ್ಲಿ ಟ್ಯಾಪಿಂಗಿಗೆ ಸೇರಿದ್ದಾನೆ, ಹಾಗಾಗಿ ಮನೆ ಈಗ ಅವನ ಲೆಕ್ಕದಲ್ಲಿದೆ. ಪಿಯುಸಿ ಮುಗಿಸಿ ಮಂಗಳೂರಿನಲ್ಲಿ ಕೆಲಸ ಹುಡುಕಬೇಕು ಅಂತಿದ್ದ ಹುಡುಗ ಅವನು.